ಅತ್ತೆ ಬರೆದುಕೊಟ್ಟ ದಾರಿ

ನಮ್ಮತ್ತೆಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ. ಲಿಫ್ಟುಗಳನ್ನು ಪರೀಕ್ಷಿಸುವುದು ಅವಳ ಕೆಲಸ. "ಈಗಷ್ಟೇ ರಿಪೇರಿ ಮಾಡ್ಸಿದೀವಿ ಮೇಡಂ" ಎಂದು ಕಟ್ಟಡದವರು ಹಲ್ಲು ಕಿರಿದರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತದೆ. ಬಿಗಿ ಮಾಡಿದ ಪ್ರತಿ ನಟ್ಟು ಬೋಲ್ಟಿನ ಮೇಲೂ ಅಡ್ಡಲಾಗಿ ಒಂದು ಹಳದಿ ಗೆರೆ ಎಳೆದು ಬರುತ್ತಾಳೆ. ಮುಂದಿನ ಸಲ ಹೋದಾಗ ಗೆರೆ ಮುರಿದಿದ್ದರೆ ಯಾರೋ ಕೈಯಾಡಿಸಿದ್ದಾರೆ, ಇಲ್ಲವೇ ನಟ್ಟು ತಾನಾಗಿ ಸಡಿಲವಾಗಿದೆ ಎಂದರ್ಥ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವಳಿಗೆ ಇಡೀ ಪ್ರಪಂಚವೇ ಸಡಿಲವಾಗಿರುವಂತೆ ಕಾಣುತ್ತದೆ. ನಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೂ ಹಳದಿ ಗೆರೆಯಿದೆ. ಅದು ನನಗೋಸ್ಕರ.

ಅವಳು ಎಲ್ಲರಿಗಿಂತ ಹೆಚ್ಚು ಅನುಮಾನ ಪಡುತ್ತಿದ್ದುದು ನಮ್ಮಪ್ಪನ ಮೇಲೆ, ಅಂದರೆ ಸ್ವಂತ ಅಣ್ಣನ ಮೇಲೆ. ಸುಮ್ಮಸುಮ್ಮನೆ ಅಲ್ಲ. ತಾಯಿಯಿಲ್ಲದ ತಂಗಿಯನ್ನು ಬೆಳೆಸಿದವರು ಅಪ್ಪನೇ. ಬೆಳೆಸಿದ್ದು ಮುಗಿಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವಳು ಕೆಲಸಕ್ಕೆ ಸೇರಿದ ದಿನ ಎದುರಿನ ಬಸ್ ನಿಲ್ದಾಣದಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಸಂಜೆಯವರೆಗೂ ಕೂತಿದ್ದರಂತೆ. ಗೆಳತಿಯರ ಜೊತೆ ಪ್ರವಾಸ ಹೋದರೆ ರೈಲಿನ ಪಕ್ಕದ ಬೋಗಿಯಲ್ಲಿ ಅಪ್ಪ! ಅತ್ತೆ ಅವತ್ತಿನಿಂದ ಎರಡು ತಿಂಗಳು ಮಾತು ಬಿಟ್ಟಿದ್ದಳು.

ಹಾಗಾಗಿ ಐವತ್ತು ತುಂಬುವ ವರ್ಷ ಅವಳು, "ಮೂರು ದಿನ ಕಾಡಿನ ದಾರೀಲಿ ಒಬ್ಬಳೇ ನಡೀತೀನಿ, ಟೆಂಟಲ್ಲಿ ಮಲಗ್ತೀನಿ" ಎಂದಾಗ ಊಟದ ಮೇಜಿನ ಸುತ್ತ ಕೂತಿದ್ದ ನಾವೆಲ್ಲ ಅಪ್ಪನ ಕಡೆ ತಿರುಗಿದೆವು. ಬೆನ್ನ ಹಿಂದೆ ಯಾರೂ ನಿಂತಿರದೆ ಒಂದು ಕೆಲಸವಾದರೂ ತನ್ನ ಕೈಲಿ ಆಗುತ್ತದೋ ಇಲ್ಲವೋ, ಅವಳಿಗೆ ಅದೊಂದು ಗೊತ್ತಾಗಬೇಕಿತ್ತು.

ದಾರಿ ಆರಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. 'ಹೊಸಬರಿಗೆ ಹೇಳಿ ಮಾಡಿಸಿದ್ದು' ಎಂದು ಹೊಗಳಿದ್ದ ದಾರಿಯನ್ನು ಆ ಹೊಗಳಿಕೆಗೇ ಹೊಡೆದುಹಾಕಿದಳು. ಟೆಂಟು ಎರಡೇ ನಿಮಿಷದಲ್ಲಿ ನಿಲ್ಲುತ್ತದೆ ಎಂದ ಅಂಗಡಿಯವನಿಗೆ ಅಲ್ಲೇ ಅದನ್ನು ನಿಲ್ಲಿಸಲು ಹೇಳಿ, ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಳು. ಹತ್ತೊಂಬತ್ತು ನಿಮಿಷ. ಆಮೇಲೆ ಅರಣ್ಯ ಕಚೇರಿಗೆ ಫೋನು.

"ಮೊದಲನೇ ಟೆಂಟ್ ಜಾಗಕ್ಕೆ ಹನ್ನೊಂದು ಕಿಲೋಮೀಟರ್ ಅಂತ ಹಾಕಿದೀರಲ್ಲ, ಅಳೆದೋರು ಯಾರು?"

"ಅಮ್ಮಾ, ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ್ಲೂ ಅದು ಹನ್ನೊಂದೇ" ಎಂದನಂತೆ ಗುಮಾಸ್ತ.

ಅತ್ತೆ ಹದಿಮೂರು ಎಂದು ಬರೆದುಕೊಂಡಳು. ಕೊನೆಗೆ ಉಳಿದದ್ದು ಎರಡು, ಗುಡ್ಡದ ದಾರಿ ಮತ್ತು ಕೆರೆಯ ದಾರಿ. ಗುಡ್ಡದ್ದೇ ಒಳ್ಳೆಯದೆನ್ನಿಸಿತು. ಟೆಂಟು ಹಾಕುವ ಜಾಗ ಸಮತಟ್ಟು, ತಲೆಯ ಮೇಲೆ ಒಣಮರವಿಲ್ಲ, ಹಳ್ಳಕ್ಕಿಂತ ಎತ್ತರದಲ್ಲಿದೆ, ಸಾಕೆನ್ನಿಸಿದರೆ ಎರಡೂ ಕಡೆಯಿಂದ ರಸ್ತೆಗೆ ಇಳಿಯುವ ಕಾಲುದಾರಿಯಿದೆ.

ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಬರೆದಿಟ್ಟು ಹೋಗಬೇಕು. ಇದನ್ನು ಅತ್ತೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮುಂಚೆ ಬಾಗಿಲಿಗೆ 'ಒಳಗೆ ಜನರಿದ್ದಾರೆ' ಎಂದು ಹಲಗೆ ತೂಗುಹಾಕದ ಮೆಕ್ಯಾನಿಕ್ಕುಗಳನ್ನು ಅವಳು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದಾಳೆ. ಅಂಥವಳು ಒಂದು ಹಾಳೆಯ ಮೇಲೆ ಕೆರೆಯ ದಾರಿಯನ್ನು ದುಂಡಗೆ ಬರೆದು, ಟೆಂಟಿನ ಜಾಗ, ಹೊತ್ತು ಎಲ್ಲ ಹಾಕಿ ಅಪ್ಪನ ಕೈಗೆ ಕೊಟ್ಟಳು. ಗುಡ್ಡದ ಹೆಸರನ್ನು ನಮಗ್ಯಾರಿಗೂ ಹೇಳಲಿಲ್ಲ. ಅಪ್ಪ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು "ಹುಷಾರು" ಎಂದರು, ಅಷ್ಟೇ. ಅಪ್ಪನ ಆ ಸಾಧುತನವೇ ಅವಳಿಗೆ ಗುಮಾನಿ ಹುಟ್ಟಿಸಿತು.

ಗುಡ್ಡದ ದಾರಿಯಲ್ಲಿ ಮೊದಲ ದಿನ ಮಧ್ಯಾಹ್ನವೇ ಹಿಂದೊಬ್ಬ ಕೆಂಪು ಟೋಪಿಯವನು ಕಾಣಿಸಿಕೊಂಡ. ಅವಳು ನಿಂತರೆ ಅವನೂ ನಿಲ್ಲುತ್ತಿದ್ದ, ಅವಳು ಕೂತರೆ ಅವನೂ ಕೂರುತ್ತಿದ್ದ. ಟೆಂಟನ್ನೂ ಅವಳಿಂದ ಮೂವತ್ತು ಹೆಜ್ಜೆ ದೂರದಲ್ಲೇ ಹಾಕಿದ. ಅತ್ತೆ ತನ್ನ ಟೆಂಟಿನ ಹಗ್ಗ ಗೂಟಗಳಿಗೆಲ್ಲ ಹಳದಿ ಗೆರೆ ಎಳೆದು ಮಲಗಿದಳು. ಬೆಳಿಗ್ಗೆ ನೋಡಿದರೆ ಎರಡು ಹಗ್ಗಗಳ ಗೆರೆ ಜರುಗಿತ್ತು.

ಎರಡನೇ ದಿನ ಅವಳ ಸಹನೆ ಮುಗಿಯಿತು. ಒಂದು ತಿರುವಿನಲ್ಲಿ ಬಂಡೆಯ ಮರೆಗೆ ನಿಂತು ಅವನನ್ನು ಅಡ್ಡಗಟ್ಟಿದಳು. "ನಮ್ಮಣ್ಣ ಕಳಿಸಿದ್ದು ತಾನೇ? ಸುಳ್ಳು ಹೇಳ್ಬೇಡಿ."

"ಯಾವ ಅಣ್ಣ ಮೇಡಂ? ನಾನು ಹಲ್ಲಿನ ಡಾಕ್ಟರು" ಎಂದ ಅವನು ತೊದಲುತ್ತಾ. "ಇದೇ ಮೊದಲ ಸಲ ಬಂದಿರೋದು. ನೀವು ಪ್ರತಿ ಕಲ್ಲನ್ನೂ ಒದ್ದು ನೋಡಿ ಕಾಲಿಡ್ತಿದ್ರಿ. ಇವರ ಹಿಂದೆ ಹೋದ್ರೆ ಉಳ್ಕೋತೀನಿ ಅನ್ನಿಸ್ತು."

"ಮತ್ತೆ ನನ್ನ ಟೆಂಟಿನ ಹಗ್ಗ?"

"ಇಬ್ಬನಿಗೆ ನಂದೂ ಸಡಿಲ ಆಗಿತ್ತಲ್ಲ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಹಾಗಾದರೆ ನಿಜವಾಗಿಯೂ ಹಿಂದೆ ಯಾರೂ ಇಲ್ಲ! ಜನ್ಮದಲ್ಲಿ ಅಷ್ಟು ಹಗುರಾಗಿ ನಡೆದಿರಲಿಲ್ಲವಂತೆ. ಗುಡ್ಡದ ನೆತ್ತಿಯಲ್ಲಿ ಸಿಗ್ನಲ್ ಸಿಕ್ಕಿತು. ಅಣ್ಣನ ಮುಂದೆ ಜಂಬ ಕೊಚ್ಚಿಕೊಳ್ಳೋಣವೆಂದು ಮನೆಗೆ ಫೋನು ಮಾಡಿದಳು. ಎತ್ತಿದ್ದು ನಮ್ಮಮ್ಮ.

"ಸದ್ಯ, ಸಿಕ್ಕಿದ್ಯಲ್ಲ! ನಿಮ್ಮಣ್ಣ ಎಲ್ಲಿ? ನೀನು ಹೋದ್ಮೇಲೆ ಮುಂದಿನ ಬಸ್ಸಿಗೇ ಹೊರಟ್ರು, ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ. ಕೆರೆ ಹತ್ರ ನೀನು ಕಾಣ್ತಿಲ್ಲ ಅಂತ ಬೆಳಿಗ್ಗೆ ಯಾರದೋ ಫೋನಿಂದ ಅಳ್ತಿದ್ರು."

ಅಪ್ಪನಿಗೆ ಅರವತ್ನಾಲ್ಕು. ಟೆಂಟಿಲ್ಲ, ಈಜು ಬಾರದು. ಅತ್ತೆ ಅಲ್ಲಿಂದಲೇ ಕಾಲುದಾರಿ ಹಿಡಿದು ರಸ್ತೆಗೆ ಇಳಿದಳು. ಎರಡು ಬಸ್ಸು ಬದಲಿಸಿ ಕೆರೆ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು.

ಅಪ್ಪ ಪ್ಯಾಂಟು ಮಡಿಚಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದು ಕೋಲಿನಿಂದ ತಳವನ್ನು ತಡಕುತ್ತಿದ್ದರು.

"ಬೆಳಿಗ್ಗೆಯಿಂದ ಹೀಗೇನೇ" ಎಂದ ದಡದಲ್ಲಿದ್ದ ಕಾವಲುಗಾರ. "ಇಲ್ಯಾರೂ ಬಂದಿಲ್ಲ ಅಂದ್ರೆ ಕೇಳಲ್ಲ. 'ನನ್ನ ತಂಗಿ ಇಲ್ಲಿ ಟೆಂಟ್ ಹಾಕ್ತೀನಿ ಅಂತ ಬರೆದ್ರೆ ಇಲ್ಲೇ ಹಾಕಿರ್ತಾಳೆ, ಟೆಂಟ್ ಇಲ್ಲ ಅಂದ್ರೆ ನೀರಲ್ಲೇ ಇದಾಳೆ' ಅಂತಾರೆ."

ಅತ್ತೆ ಬೂಟು ಸಮೇತ ನೀರಿಗೆ ಇಳಿದು ಅವರ ರಟ್ಟೆ ಹಿಡಿದಳು. ಅಪ್ಪನ ಕೈ ತಣ್ಣಗೆ ಕೊರೆಯುತ್ತಿತ್ತು.

"ಅಣ್ಣಾ, ನಾನು ಸುಳ್ಳು ಬರ್ಕೊಟ್ಟಿದ್ದೆ."

ಅಪ್ಪ ಕೋಲನ್ನು ನೀರಿನಿಂದ ಎತ್ತಿದರು. "ನೀನು ಹಾಗೆಲ್ಲ ಬರೆಯಲ್ಲ" ಎಂದರು. "ಎಲ್ಲೋ ದಾರಿ ತಪ್ಪಿದೀಯ. ಹೋಗ್ಲಿ ಬಿಡು, ಬಾ."