ಜೇಬು ಸೇರಿದ ಕನ್ನಡಕ

ಬಿಸಿ ಹಂಚಿಗೆ ತಾಗಬಾರದು ಎಂಬಂತೆ ಮಣಿಕಟ್ಟು ಎತ್ತಿಯೇ ಅವರು ಕೀಬೋರ್ಡ್ ಮುಟ್ಟುತ್ತಿದ್ದರು. ಬೆನ್ನು ನೆಟ್ಟಗೆ, ದಪ್ಪ ಗಾಜಿನ ಕನ್ನಡಕ ಮೂಗಿನ ತುದಿಗೆ, ಬೆರಳಿನ ಕಡೆ ನೋಟವೇ ಇಲ್ಲ. ಸವಣೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮಾಸ್ತರರು. ಟೈಪಿಂಗ್ ಮಷಿನುಗಳನ್ನು ಕೇಳುವವರಿಲ್ಲದಾದಾಗ ಹಾನಗಲ್ಲಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿಗೆ ಬಂದು, ನಾವು ಬರೆದದ್ದನ್ನು ಪರೀಕ್ಷಿಸುವ ಕೆಲಸ ಹಿಡಿದರು. ಮೌಸನ್ನು ಕರವಸ್ತ್ರದಲ್ಲಿ ಸುತ್ತಿ ಡ್ರಾಯರಿಗೆ ಹಾಕಿಬಿಟ್ಟಿದ್ದರು.

ಕಪ್ಪು ಪರದೆ, ಸರ್ವರಿನಿಂದ ಮಾಹಿತಿ ತರಿಸುವ ಒಂದು ಸಾಲು ಕರ್ಲ್ ಆಜ್ಞೆ, ಎಂಟರ್. ಸರ್ವರನ್ನು ಹೀಗೆ ನೇರವಾಗಿಯೇ ಕೇಳುವುದು ಅವರ ಪದ್ಧತಿ. ಅದೂ ಮೊದಲು ಬೇಕೆಂದೇ ತಪ್ಪು ಕೀಲಿಕೈ, ಅಂದರೆ ತಪ್ಪು ಪಾಸ್‌ವರ್ಡ್, ಕೊಟ್ಟು. ಒಳಗೆ ಬಿಡುವುದಿಲ್ಲ ಎನ್ನುವ ನಾನೂರಾ ಒಂದರ ಉತ್ತರ ಬಂದರೆ ಮುಖ ಅರಳುತ್ತಿತ್ತು. "ಕಳ್ಳಗ ಬಾಗಲಾ ತಗೀಲಿಲ್ಲ ನೋಡವಾ. ಇನ್ನ ಮನೀಯವರು ಬರ್ಲಿ."

ಅಕ್ಕಿಆಲೂರಿನ ಡಾಕ್ಟರಮ್ಮನ ದವಾಖಾನೆಗೆ ಪಾಳಿ ಹಚ್ಚುವ ಆ್ಯಪು ಬರೆದವಳು ನಾನು. ಪೇಶಂಟುಗಳ ಹಳೆಯ ಮಾಹಿತಿಯೆಲ್ಲ ಅದರೊಳಗಿತ್ತು, ನನ್ನದೂ ಸೇರಿ. ಮಕ್ಕಳಾಗಲೆಂದು ನಾನು ಅಲ್ಲಿಗೆ ಹೋಗುತ್ತಿದ್ದುದು ಗಂಡನನ್ನು ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀಗ ಹಾಕಿದವಳು ನಾನೇ ಅಲ್ಲವೇ, ಯಾರು ನೋಡುತ್ತಾರೆ ಎಂದು ನಿಶ್ಚಿಂತೆಯಾಗಿದ್ದೆ.

ಮಾಸ್ತರರು ತಪ್ಪು ಕೀಲಿಕೈ ಕೊಟ್ಟರು. ಬಾಗಿಲು ತೆರೆದುಕೊಂಡಿತು! ಊರವರ ಹೆಸರು, ಬೇನೆಗಳೆಲ್ಲ ಪರದೆಯ ತುಂಬ ಸುರಿದವು. ಕೊನೆಯ ಸಾಲಿನಲ್ಲಿ ನನ್ನ ಹೆಸರು, ನನ್ನ ಚಿಕಿತ್ಸೆ. ಅದೇ ಆಫೀಸಿನಲ್ಲಿ ಕೆಲಸಕ್ಕಿದ್ದ, ಆಗಷ್ಟೇ ಬಂದು ಕೂತಿದ್ದ ನನ್ನ ಮೈದುನ "ಏನ್ ಬಂತ್ರಿ ಸರ?" ಎನ್ನುತ್ತ ಚಹಾದ ಕಪ್ಪು ಹಿಡಿದು ಎದ್ದು ಬಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಂಟ್ರೋಲ್, ಎಲ್. ಎರಡು ಬೆರಳು ಆಡಿದವು, ಪರದೆ ಬರಿದಾಯಿತು. ಇನ್ನೊಂದು ಕೈಯಿಂದ ಕನ್ನಡಕ ಆಗಲೇ ಜೇಬು ಸೇರಿತ್ತು.

"ಏನ್ ಬಂತೋ ಏನೋ ತಮ್ಮಾ. ಕನ್ನಡಕ ಮನಿಯಾಗ ಬಿಟ್ಟ ಬಂದೇನಿ, ಏನೂ ಕಾಣವಲ್ದು."

ಆಡಿದ ಮಾತಿಗೆ ಕಟ್ಟುಬಿದ್ದು ಇಡೀ ದಿನ ಅವರು ಕನ್ನಡಕವನ್ನು ಜೇಬಿನಿಂದ ಹೊರತೆಗೆಯಲಿಲ್ಲ. ನಾನು ತಪ್ಪು ಸರಿಪಡಿಸಿದ ಮೇಲೆ ಕಾಣದ ಪರದೆಗೇ ಮತ್ತೆ ಟೈಪು ಮಾಡಿ, "ನೀನ ಓದವಾ" ಎಂದರು.

"ನಾನೂರಾ ಒಂದ್ರಿ ಸರ."

"ಹಂಗಾರ ಆತು."

ಸಂಜೆ ಗೋಡೆ ತಡವರಿಸುತ್ತ ಹೊರಟರು. ಮೈದುನನೂ ಅದೇ ಸವಣೂರಿನ ಬಸ್ಸಿಗೆ ಹೋಗುವವನು. ಕೆಲಸ ಉಳಿದಿದೆ ಎಂದು ನಾನು ಕುಳಿತೇ ಇದ್ದೆ. ಅವರ ಮುಖ ನೋಡಲು ನಾಚಿಕೆ. ಮುಂದೆಯೂ ಅವರು ಆ ಮಾತು ಎತ್ತಲಿಲ್ಲ, ನಾನು ಉಪಕಾರವಾಯಿತೆಂದು ಹೇಳಲಿಲ್ಲ. ಹೇಳಿದರೆ ಆ ಸಾಲನ್ನು ಅವರು ಓದಿದ್ದಾರೆಂದು ಒಪ್ಪಿಕೊಂಡಂತೆ. ಬಂಜೆ ಎನ್ನಿಸಿಕೊಳ್ಳುವ ಅಂಜಿಕೆ ನನ್ನ ಬಾಯಿ ಕಟ್ಟಿತ್ತು.

ಅವರು ತೀರಿಕೊಂಡ ಮೇಲೆ, ಇನ್ನಾದರೂ ಹೇಳಬೇಕೆಂದು ಅವರ ಮನೆಗೆ ಹೋದೆ. ಅವರ ಹೆಂಡತಿ ಏನೇನೋ ನೆನೆಯುತ್ತ ಅಂದರು: "ಒಂದಿನ ಬಸ್ ಇಳೀಯೂಮುಂದ ಬಿದ್ದು ಮೊಣಕಾಲು ಒಡಕೊಂಡ ಬಂದಿದ್ರು. ಕನ್ನಡಕ ನೋಡಿದ್ರ ಕಿಸೇದಾಗ! ಯಾಕ ಹಾಕ್ಕೊಂಡಿರ್ಲಿಲ್ಲ ಅಂತ ಕೇಳಿದ್ರ ನಕ್ಕಬಿಟ್ರು. ನೀ ಆಫೀಸಿನಾಕಿ, ನಿನಗೇನರ ಗೊತ್ತೈತೇನವಾ?"

ನಾನು ನೆಲ ನೋಡಿದೆ.

"ಗೊತ್ತಿಲ್ರೀ," ಎಂದೆ.