ಪಾಳೇಗಾರರ ಈಟಿ

ಶೆಟ್ಟಿಕೆರೆ ಕಡೆಯ ಪಾಳೇಗಾರರ ಚರಿತ್ರೆ ಬರೆಯಲು ರೀಲು ಕ್ಯಾಮೆರಾ ನೇತುಹಾಕಿಕೊಂಡು ಹೋಗಿದ್ದೆ. ಬ್ರಿಟಿಷರು ಪಾಳೇಗಾರರ ಮನೆ ಜಾಲಾಡಿ ಆಯುಧಗಳನ್ನೆಲ್ಲ ಕಿತ್ತುಕೊಂಡರೂ ಒಂದು ಈಟಿ ಮಾತ್ರ ಸಿಗಲಿಲ್ಲವಂತೆ. ಆ ವಂಶದ ಅಜ್ಜಿ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು.

“ಈಟಿ ಎಲ್ಲಿ ಬಚ್ಚಿಟ್ಟಿದ್ರಜ್ಜಿ?”

“ಬಚ್ಚಿಡೋದೇನ್ ಬಂತು? ನಮ್ಮ ಹಿರೀಕ್ರು ಬುಡಾನ ನೆಲಕ್ಕೆ ಹೂತು, ಕಾಯಿ ಸುಲಿಯೋಕ್ ನಿಂತ್ರು. ಹುಡುಕೋಕ್ ಬಂದ ದೊರೆಗೂ ಇದ್ರಲ್ಲೇ ಸುಲಿದು ನೀರು ಕುಡಿಸಿ ಕಳಿಸಿದ್ರು.”

ಇದ್ರಲ್ಲೇ! ಅಜ್ಜಿ ಕಾಯಿ ಚುಚ್ಚುತ್ತಿದ್ದ ಕಬ್ಬಿಣದ ಮೊನೆಯತ್ತ ಕ್ಯಾಮೆರಾ ತಿರುಗಿಸಿದೆ.

“ಅಯ್ಯೋ, ಇದು ಮ್ಯೂಸಿಯಂನಲ್ಲಿರಬೇಕು! ಕೊಡಿ ಅಜ್ಜಿ, ನಾನೇ ಸೇರಿಸ್ತೀನಿ!”

“ತಗೊಂಡೋಗು ಕಣಪ್ಪ. ಮೊದ್ಲು ಈ ರಾಶಿ ಸುಲಿದುಕೊಡು.”

ಏಳನೇ ಕಾಯಿಗೇ ಅಂಗೈ ಬೊಬ್ಬೆಯೆದ್ದಿತು. ಈಟಿ ಅಲ್ಲೇ ಉಳಿಯಿತು.

ಆ ಈಟಿಗೆ ಸೋತವರು ಇಬ್ಬರು ಎಂದು ಚರಿತ್ರೆಯಲ್ಲಿ ಬರೆದಿದ್ದೇನೆ. ಎರಡನೆಯವನ ಹೆಸರು ಮಾತ್ರ ಹಾಕಿಲ್ಲ.