ತಪಾಸಣಿ ದಿನ ಬ್ಯಾಡಾದ ಹುಡುಗಿ

ನನ್ನ ಮಗಳು ರೇಣುಕಾ ಶಾಲ್ಯಾಗ ನಾಲ್ಕನೇತ್ತ ಇದ್ದಾಗ, ದೀಪಾವಳಿ ಸೂಟಿ ಮುಗದ ವಾರದಾಗ ಆಗಿದ್ದಿದು. ಈಗ ನೆನಸಿದ್ರೂ ಮೈ ಉರೀತೈತಿ.

ಕಲಘಟಗಿ ತಾಲ್ಲೂಕಿನ್ಯಾಗ ನಮ್ಮದು ಸಣ್ಣ ಊರು. ಹೊಲ ಇದ್ದವರ ಮಕ್ಕಳೆಲ್ಲ ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಶಾಲಿಗೆ ಹೋಗ್ತಾವು. ಸರಕಾರಿ ಶಾಲ್ಯಾಗ ಉಳದಾವು ನಮ್ಮ ಕೇರಿ ಮಕ್ಕಳು, ಕೂಲಿಯವರ ಮಕ್ಕಳು, ಅಷ್ಟ. ಮಕ್ಕಳು ಕಡಿಮಿ ಆದ್ರ ಮಾಸ್ತರ್ರೂ ಕಡಿಮಿ, ಅನುದಾನಾನೂ ಕಡಿಮಿ. ಅದಕ್ಕ ಜೂನ್ ತಿಂಗಳದಾಗ ಹೆಡ್ ಮಾಸ್ತರ್ರು ನಮ್ಮ ಬಾಗಲಿಗೆ ಬಂದು, "ಹುಡುಗೀನ ಬ್ಯಾರೆ ಕಡೆ ಹಾಕಬ್ಯಾಡ್ರಿ, ನಮ್ಮ ಶಾಲಿ ಉಳೀಬೇಕಲ್ರಿ" ಅಂತ ಕೈ ಮುಗದಿದ್ರು.

ಶಾಲಿ ತಪಾಸಣಿ ಹಿಂದಿನ ದಿನ ಅದ ಮಾಸ್ತರ್ರು ಮತ್ತ ಬಂದ್ರು. "ಯಲ್ಲವ್ವಾ, ನಾಳೆ ತಾಲ್ಲೂಕಿಂದ ಸಾಹೇಬ್ರು ಬರ್ತಾರ. ರೇಣುಕಾನ್ನ ಕಳಸಬ್ಯಾಡ. ಒಂದೊಂದ ಅಕ್ಷರ ಕೂಡಿಸ್ಕೋತ ಓದ್ತಾಳ, ಶಾಲಿ ಹೆಸರು ಕೆಡ್ತೈತಿ. ಹಾಜರಿ ನಾ ಹಾಕ್ಕೋತೀನಿ" ಅಂದ್ರು.

ಸಿಟ್ಟು ನೆತ್ತಿಗೇರ್ತು. "ಯಾಕ್ರೀ ಸರ, ತಲಿ ಎಣಸಾಕ ನನ್ನ ಮಗಳು ಬೇಕು, ಓದಸಾಕ ಬ್ಯಾಡೇನ್ರಿ? ಕಲಸಬೇಕಾದವರು ಯಾರ್ರಿ?" ಅಂದೆ.

"ಐದು ವರ್ಗಕ್ಕ ಇಬ್ರ ಅದೇವಿ, ಏನ್ ಮಾಡೂಣು?" ಅಂದ್ರು. ಅದು ಖರೇನ. ಆದ್ರ ಅದನ್ನ ಸಾಹೇಬ್ರ ಮುಂದ ಹೇಳಬೇಕು, ನನ್ನ ಕೂಸಿನ್ನ ಯಾಕ ಮುಚ್ಚಿಡಬೇಕು?

ಮರುದಿನ ಗೋವಿನಜ್ವಾಳಾ ಮುರಿಯೂ ಕೂಲಿ ಬಿಟ್ಟು, ಮಗಳ ಕೈ ಹಿಡಕೊಂಡು ಶಾಲಿಗೆ ನಡದೆ. ಮಾಸ್ತರ್ರ ಮಾರಿ ಕಪ್ಪಿಟ್ತು.

ಸಾಹೇಬ್ರು ಮುಂದಿನ ಸಾಲಿನ ಹುಡುಗೀನ ಎಬ್ಬಿಸಿದ್ರು. ಅಕಿ ಅರಳು ಹುರದಂಗ ಪಾಠ ಓದಿದ್ಲು. ಇನ್ನಿಬ್ರೂ ಹಂಗ. ಸಾಹೇಬ್ರು ಸುಮ್ನ ಪುಸ್ತಕದ ಹಾಳಿ ತಿರುವಿ, "ಇದನ್ನ ಓದ್ರಿ" ಅಂದ್ರು. ಒಬ್ರೂ ಬಾಯಿ ಬಿಡಲಿಲ್ಲ. ಅಯ್ಯ, ಅಷ್ಟೂ ಬಾಯಿಪಾಠ! ಸೂಟಿಗೆ ಮೊದಲ ವಾರಗಟ್ಲೆ ಅದೊಂದ ಪಾಠ ಹೇಳಿಸಿದ್ರಂತ.

ಬಾಗಲದಾಗ ನಿಂತಾಕಿ, "ನನ್ನ ಮಗಳಿಗೆ ಕೇಳ್ರಿ ಸಾಹೇಬ್ರ" ಅಂತ ಒದರಿದೆ. ರೇಣುಕಾ ಎದ್ದು, ಹಾಳಿ ಮ್ಯಾಲೆ ಬಟ್ಟಿಟ್ಟು, "ಕೆ... ರೆ... ಯ... ನೀ... ರು..." ಅಂತ ಚಾಲೂ ಮಾಡಿದ್ಲು. ಒಂದ ಸಾಲಿಗೆ ಎಷ್ಟೊತ್ತು ಹಿಡೀತಪಾ! ಆದ್ರ ಓದಿದ್ಲು. ಆ ವರ್ಗದಾಗ ಖರೇನ ಓದಿದಾಕಿ ಅಕಿ ಒಬ್ಬಾಕಿನ.

ಸಾಹೇಬ್ರು "ಶಾಣ್ಯಾಕಿ" ಅಂದು, ಚಾ ಕುಡದು, ವಹಿಯಾಗ ಏನೋ ಬರದು ಜೀಪ್ ಹತ್ತಿದ್ರು. ಇವತ್ತಿನ ತನಕ ಇನ್ನೊಬ್ಬ ಮಾಸ್ತರ ಬಂದಿಲ್ಲ.

ಮನಿಗೆ ಬರೂ ದಾರ್ಯಾಗ ನಾ ಎದಿ ಉಬ್ಬಿಸಿ, ಮಾಸ್ತರ್ರಿಗೆ, ಸಾಹೇಬ್ರಿಗೆ, ವ್ಯಾನ್ ಹತ್ತಿಸೂ ಮಂದಿಗೆ ಬಯ್ಕೋತ ನಡದಿದ್ದೆ. ರೇಣುಕಾ ಮೆಲ್ಲಕ ಕೇಳಿದ್ಲು: "ಯವ್ವಾ, ಮೂರನೇತ್ತ ಇದ್ದಾಗ ಸಾಹೇಬ್ರು ಬಂದ ದಿನ ನನಗ ಜ್ವರಾ ಇರಲೇ ಇಲ್ಲ. ಯಾಕ ಮನ್ಯಾಗ ಇಟಗೊಂಡಿ?"

ಆವಾಗೂ ಮಾಸ್ತರ್ರು ಬಂದು ಇದನ್ನ ಹೇಳಿದ್ರು. ನಾ "ಆತ್ರೀ ಸರ" ಅಂದು, ಜ್ವರಾ ಬಂದೈತಿ ಅಂತ ಹೇಳಿ ಅಕೀನ ಮಲಗಿಸಿದ್ದೆ. ಉಳದವರ ಮ್ಯಾಲಿನ ಸಿಟ್ಟು ಒಂದಿಷ್ಟು ಇಳದೈತಿ. ನನ್ನ ಮ್ಯಾಲಿಂದು ಇನ್ನೂ ಇಳದಿಲ್ಲ.